ಕಡತವನ್ನು ಕಾಯುವವರು ಯಾರು?

ದಾವಣಗೆರೆ ತಾಲ್ಲೂಕಿನ ಲೋಕಿಕೆರೆಯನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅಂತಹ ಒಂದು ಗ್ರಾಮದಲ್ಲಿ ಬಲಶಾಲಿಯೊಬ್ಬನು ಸರ್ಕಾರಿ ಕೆರೆಯ ಅಂಗಳಕ್ಕೆ ರಾತ್ರೋರಾತ್ರಿ ಮಣ್ಣು ತುಂಬಿಸಿ, ಅದನ್ನು ತನ್ನ ಹೊಲಕ್ಕೆ ಸೇರಿಸಿಕೊಳ್ಳುತ್ತಿರುವನೆಂದು ಭಾವಿಸೋಣ. ಊರಿನ ತರುಣನೊಬ್ಬನು ಧೈರ್ಯ ಮಾಡಿ ತನ್ನ ಮೊಬೈಲಿನಲ್ಲಿ ಆ ಕೃತ್ಯದ ಚಿತ್ರವನ್ನು ತೆಗೆಯುತ್ತಾನೆ. ಅದನ್ನು ವಾಟ್ಸಾಪಿನಲ್ಲಿ ಸ್ನೇಹಿತನಿಗೆ ಕಳುಹಿಸುತ್ತಾನೆ. ಸ್ನೇಹಿತನು ಪಂಚಾಯಿತಿಯ ಸದಸ್ಯರಿಗೆ, ಅವರು ಗ್ರಾಮ ಆಡಳಿತಾಧಿಕಾರಿಗೆ, ಆತನು ತಹಶೀಲ್ದಾರರ ಕಚೇರಿಗೆ, ಹೀಗೆ ಕೈಯಿಂದ ಕೈಗೆ ದಾಟುತ್ತ ಆ ಚಿತ್ರವು ಒಂದು ಪೆನ್ ಡ್ರೈವಿನಲ್ಲಿ ಸೇರಿ ದಾವಣಗೆರೆಯ ಸರ್ಕಾರಿ ವಕೀಲರ ಮೇಜನ್ನು ಮುಟ್ಟುತ್ತದೆ. ಎರಡು ವರ್ಷಗಳಾದ ಮೇಲೆ ವಿಚಾರಣೆಯು ಬರುತ್ತದೆ. ಪ್ರತಿವಾದಿಯ ವಕೀಲರು ಎದ್ದು ನಿಂತು ಕೇಳುತ್ತಾರೆ: ಇದನ್ನು ತೆಗೆದವನು ಯಾರು? ಯಾವ ಯಂತ್ರದಿಂದ? ಆ ಯಂತ್ರವು ಎಲ್ಲಿದೆ? ಅಲ್ಲಿದ್ದುದೂ ಇಲ್ಲಿರುವುದೂ ಒಂದೇ ಎಂಬುದಕ್ಕೆ ಯಾರ ರುಜು ಇದೆ? ಅಷ್ಟರಲ್ಲಿ ಆ ತರುಣನು ಹಳೆಯ ಮೊಬೈಲನ್ನು ಮಾರಿ, ಕೆಲಸಕ್ಕಾಗಿ ಬೆಂಗಳೂರನ್ನು ಸೇರಿರುತ್ತಾನೆ. ಸರ್ಕಾರಿ ವಕೀಲರಲ್ಲಿ ಉತ್ತರವಿಲ್ಲ.

ಇದು ಲೋಕಿಕೆರೆಯಲ್ಲಿ ನಡೆದ ಸಂಗತಿಯೆಂದು ನಾವು ಹೇಳುತ್ತಿಲ್ಲ. ಯಾವ ಊರಿನಲ್ಲಿಯಾದರೂ ನಾಳೆಯೇ ನಡೆಯಬಹುದಾದ ಸಂಗತಿಯೆಂದು ಮಾತ್ರ ಹೇಳುತ್ತಿದ್ದೇವೆ. ಸತ್ಯವು ಸರ್ಕಾರದ ಕೈಯಲ್ಲಿಯೇ ಇತ್ತು. ಆದರೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇದಕ್ಕೆ ಕಾರಣವು ಕಾನೂನಿನ ಕೊರತೆಯಲ್ಲ, ವಕೀಲರ ವಾಕ್ಚಾತುರ್ಯದ ಕೊರತೆಯೂ ಅಲ್ಲ. ಸಾಕ್ಷ್ಯವು ಹುಟ್ಟಿದ ಗಳಿಗೆಯಿಂದ ನ್ಯಾಯಾಧೀಶರ ಮುಂದೆ ಬರುವವರೆಗೂ ಅದನ್ನು ಕಾಯುವವನು ಒಬ್ಬನೂ ಇಲ್ಲದಿರುವುದೇ ಕಾರಣವು.

ನಮ್ಮ ನಾಡಿಗೆ ಈ ಪ್ರಶ್ನೆಯು ಹೊಸದಲ್ಲ. ನಮ್ಮ ನೆರೆಯ ಹರಿಹರದಲ್ಲಿ, 1224ರಲ್ಲಿ ಹೊಯ್ಸಳರ ದಂಡನಾಯಕನಾದ ಪೋಲಾಳ್ವನು ಕಟ್ಟಿಸಿದ ಹರಿಹರೇಶ್ವರನ ಗುಡಿಯ ಆವರಣದಲ್ಲಿ, ದಾನದತ್ತಿಗಳನ್ನು ಕಲ್ಲಿನಲ್ಲಿ ಕೆತ್ತಿಸಿದ ಶಾಸನಗಳು ಇಂದಿಗೂ ನಿಂತಿವೆ. ಕಲ್ಲಿನ ಅಕ್ಷರವನ್ನು ತಿದ್ದಿದರೆ ತಿದ್ದಿದ ಗುರುತು ಉಳಿಯುತ್ತದೆ. ಆದರೆ ನಮ್ಮ ಶಾನುಭೋಗರೂ ವರ್ತಕರೂ ದಿನದಿನದ ಲೆಕ್ಕವನ್ನು ಬರೆಯುತ್ತಿದ್ದುದು ಕಲ್ಲಿನ ಮೇಲಲ್ಲ, ಕಡತದ ಮೇಲೆ. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಕಡತದ ಗುಣವೇನೆಂದರೆ ಅದನ್ನು ಒರೆಸಿ ಮತ್ತೆ ಬರೆಯಬಹುದು. ಒರೆಸಿದ್ದು ಸುಲಭವಾಗಿ ಕಾಣುವುದೂ ಇಲ್ಲ. ಆದುದರಿಂದ ಕಡತದ ಬೆಲೆಯು ಬಟ್ಟೆಯಲ್ಲಿರಲಿಲ್ಲ, ಅದನ್ನು ಇಟ್ಟುಕೊಂಡಿದ್ದವನ ಪ್ರಾಮಾಣಿಕತೆಯಲ್ಲಿಯೂ ಕ್ರಮದಲ್ಲಿಯೂ ಇತ್ತು. ಇಂದು ಕಚೇರಿಯ ಕಾಗದದ ಕಟ್ಟಿಗೂ ಕಂಪ್ಯೂಟರಿನೊಳಗಿನ ದಾಖಲೆಗೂ ನಾವು ಕಡತವೆಂಬ ಹೆಸರನ್ನೇ ಇಟ್ಟಿದ್ದೇವೆ. ಹೆಸರು ಎಷ್ಟು ಸಾರ್ಥಕವಾಗಿದೆಯೆಂಬುದನ್ನು ಹೆಸರಿಟ್ಟವರು ಎಣಿಸಿದ್ದರೋ ಇಲ್ಲವೋ! ವಿದ್ಯುನ್ಮಾನ ದಾಖಲೆಯೂ ಒರೆಸಿ ಬರೆಯಬಹುದಾದ ಕಡತವೇ ಸರಿ.

ಈ ಅಪಾಯವನ್ನು ಕಾನೂನು ಅರಿಯದೆ ಇಲ್ಲ. 1872ರ ಭಾರತ ಸಾಕ್ಷ್ಯ ಕಾಯಿದೆಗೆ 2000ದಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆಯ ಮೂಲಕ 65ಬಿ ಎಂಬ ವಿಧಿಯನ್ನು ಸೇರಿಸಲಾಯಿತು. ಯಂತ್ರದಿಂದ ತೆಗೆದ ಪ್ರತಿಯನ್ನು ನ್ಯಾಯಾಲಯವು ಸ್ವೀಕರಿಸಬೇಕಾದರೆ ಆ ಯಂತ್ರದ ಹೊಣೆಯುಳ್ಳವನು ಬರೆದುಕೊಟ್ಟ ಪ್ರಮಾಣಪತ್ರವಿರಬೇಕೆಂಬುದು ಅದರ ಸಾರಾಂಶವು. ಈ ಪ್ರಮಾಣಪತ್ರವು ಅನಿವಾರ್ಯವೋ ಅಲ್ಲವೋ ಎಂಬ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳೇ ಹದಿನೈದು ವರ್ಷಗಳ ಕಾಲ ಓಲಾಡಿದವು. 2005ರಲ್ಲಿ ಇಲ್ಲದಿದ್ದರೂ ನಡೆಯುವುದೆಂದಿತು, 2014ರಲ್ಲಿ ಇರಲೇಬೇಕೆಂದಿತು, 2018ರಲ್ಲಿ ಮತ್ತೆ ಸಡಿಲಿಸಿತು, ಕಡೆಗೆ 2020ರ ಜುಲೈ 14ರಂದು ಮೂವರು ನ್ಯಾಯಮೂರ್ತಿಗಳ ಪೀಠವು, ಮೂಲ ಯಂತ್ರವನ್ನೇ ಅದರ ಒಡೆಯನು ಸಾಕ್ಷಿಕಟ್ಟೆಗೆ ತಂದು ತೋರಿಸಿದ ಹೊರತು ಪ್ರಮಾಣಪತ್ರವು ಕಡ್ಡಾಯವೆಂದು ನಿರ್ಣಯಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ವಿಧಿಯು ಇದನ್ನು ಇನ್ನಷ್ಟು ಬಿಗಿಗೊಳಿಸಿದೆ. ಈಗ ಪ್ರಮಾಣಪತ್ರದಲ್ಲಿ ಎರಡು ಭಾಗಗಳು: ಒಂದಕ್ಕೆ ಯಂತ್ರದ ಹೊಣೆಗಾರನು, ಮತ್ತೊಂದಕ್ಕೆ ಪರಿಣತನು ರುಜು ಹಾಕಬೇಕು. ಎರಡರಲ್ಲಿಯೂ ದಾಖಲೆಯ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು.

ಹ್ಯಾಶ್ ಎಂಬ ಮಾತನ್ನು ಕೇಳಿ ವಾಚಕರು ಅಂಜಬೇಕಾಗಿಲ್ಲ. ಹಿಂದೆ ಖಜಾನೆಯ ಚೀಲಕ್ಕೆ ಅರಗಿನ ಮುದ್ರೆ ಒತ್ತುತ್ತಿದ್ದರಲ್ಲವೆ? ಇದೂ ಅಂತಹ ಮುದ್ರೆಯೇ. ದಾಖಲೆಯು ಒಂದು ಸಾಲಿನದಾಗಲಿ, ಒಂದು ದಿನದ ಚಲನಚಿತ್ರವಾಗಲಿ, ಒಂದು ಗೊತ್ತಾದ ಗಣಿತಕ್ರಮದಿಂದ ಅದನ್ನು ಹಾಯಿಸಿದರೆ ನಿಯತವಾದ ಉದ್ದದ ಒಂದು ಅಂಕಾಕ್ಷರ ಮಾಲೆಯು ಹೊರಡುತ್ತದೆ. ಎಸ್‌ಎಚ್‌ಎ-256 ಎಂಬ ಕ್ರಮದಲ್ಲಿ ಅದು 64 ಅಂಕಾಕ್ಷರಗಳಷ್ಟಿರುತ್ತದೆ. ದಾಖಲೆಯಲ್ಲಿ ಒಂದೇ ಒಂದು ಚುಕ್ಕೆಯನ್ನು ಬದಲಿಸಿದರೂ ಮಾಲೆಯೆಲ್ಲ ಬದಲಾಗುತ್ತದೆ. ಜಪ್ತಿಯ ದಿನ ಬರೆದಿಟ್ಟ ಮಾಲೆಗೂ ವಿಚಾರಣೆಯ ದಿನ ತೆಗೆದ ಮಾಲೆಗೂ ಭೇದವಿಲ್ಲದಿದ್ದರೆ ನಡುವೆ ಯಾರೂ ಕೈಯಾಡಿಸಿಲ್ಲವೆಂದು ತಿಳಿಯಬಹುದು. ಆದರೆ ಮುದ್ರೆಯನ್ನು ಒತ್ತಬೇಕಾದುದು ಚೀಲವನ್ನು ಕಟ್ಟಿದ ದಿನವೇ ಹೊರತು, ಅದು ಹತ್ತು ಕೈಗಳನ್ನು ದಾಟಿದ ಮೇಲೆ ಅಲ್ಲ. ಮೊದಲ ದಿನ ತಪ್ಪಿದುದನ್ನು ಎಂತಹ ಮೇಧಾವಿಯಾದ ವಕೀಲನೂ ಕಡೆಯ ದಿನ ಸರಿಪಡಿಸಲಾರನು.

ಈ ಮಾತಿಗೆ ನಮ್ಮ ರಾಜ್ಯದ್ದೇ ಒಂದು ನಿದರ್ಶನವನ್ನು ಕೊಡುತ್ತೇವೆ. 2008ರ ಜುಲೈ 25ರಂದು ಬೆಂಗಳೂರಿನಲ್ಲಿ ನಡೆದ ಸರಣಿ ಸ್ಫೋಟಗಳ ಮೊಕದ್ದಮೆಯಲ್ಲಿ ಪೊಲೀಸರು ಲ್ಯಾಪ್‌ಟಾಪ್, ಪೆನ್ ಡ್ರೈವ್, ಮೊಬೈಲ್ ಮೊದಲಾದ ಸಾಧನಗಳನ್ನು ಜಪ್ತಿ ಮಾಡಿದರು. ಹೈದರಾಬಾದಿನ ಕೇಂದ್ರೀಯ ನ್ಯಾಯವಿಜ್ಞಾನ ಪ್ರಯೋಗಾಲಯವು ಅವನ್ನು ಪರೀಕ್ಷಿಸಿ 2010ರ ನವೆಂಬರಿನಲ್ಲಿ ವರದಿಯನ್ನು ಕೊಟ್ಟಿತು. ಸಾಧನಗಳೂ ನ್ಯಾಯಾಲಯದ ವಶಕ್ಕೆ ಬಂದವು. ಆದರೆ ವರದಿಯ ಜೊತೆಗೆ ಇರಬೇಕಾಗಿದ್ದ 65ಬಿ ಪ್ರಮಾಣಪತ್ರವೇ ಇರಲಿಲ್ಲ! 2017ರ ಏಪ್ರಿಲಿನಲ್ಲಿ ಆ ವರದಿಯನ್ನು ಗುರುತಿಸಲು ಸಾಕ್ಷಿಯು ನಿಂತಾಗ ಆಕ್ಷೇಪವು ಬಂದಿತು. ಅದೇ ತಿಂಗಳಿನಲ್ಲಿ ಪ್ರಮಾಣಪತ್ರವನ್ನು ತರಿಸಲಾಯಿತು. ತಡವಾಯಿತೆಂದು ವಿಚಾರಣಾ ನ್ಯಾಯಾಲಯವು 2018ರ ಜನವರಿಯಲ್ಲಿ ಅದನ್ನು ನಿರಾಕರಿಸಿತು; ಉಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ಎತ್ತಿಹಿಡಿಯಿತು. ಕರ್ನಾಟಕ ಸರ್ಕಾರವು ದೆಹಲಿಯವರೆಗೂ ಹೋಗಿ, 2023ರ ನವೆಂಬರ್ 6ರಂದು, ಆ ಪ್ರಮಾಣಪತ್ರವನ್ನು ಹಾಜರುಪಡಿಸಲು ಸರ್ವೋಚ್ಚ ನ್ಯಾಯಾಲಯದ ಅನುಮತಿಯನ್ನು ಪಡೆಯಿತು.

ವಾಚಕರು ಲೆಕ್ಕ ಹಾಕಲಿ. ವರದಿಯೊಡನೆಯೇ ಕೇಳಿ ಪಡೆಯಬಹುದಾಗಿದ್ದ ಒಂದು ಪತ್ರಕ್ಕಾಗಿ ಆಕ್ಷೇಪದ ದಿನದಿಂದ ಆರು ವರ್ಷಕ್ಕೂ ಮಿಕ್ಕಿ ಮೂರು ನ್ಯಾಯಾಲಯಗಳಲ್ಲಿ ವಾದವು ನಡೆಯಿತು. ಆರೋಪಿಗಳು ಅಪರಾಧಿಗಳೇ ನಿರಪರಾಧಿಗಳೇ ಎಂಬುದು ನಮ್ಮ ವಿಚಾರವಲ್ಲ; ಅದು ನ್ಯಾಯಾಲಯಕ್ಕೆ ಬಿಟ್ಟದ್ದು. ಇಷ್ಟು ದೊಡ್ಡ ಮೊಕದ್ದಮೆಯಲ್ಲಿಯೂ, ಜಪ್ತಿಯ ಪಟ್ಟಿಯನ್ನೂ ಪ್ರಯೋಗಾಲಯದ ವರದಿಯನ್ನೂ ಕಾನೂನಿನ ವಿಧಿಯನ್ನೂ ಒಟ್ಟಿಗೆ ಮುಂದಿಟ್ಟುಕೊಂಡು ‘ಏನು ಇದೆ, ಏನು ಇಲ್ಲ’ ಎಂದು ನೋಡುವುದೊಂದನ್ನೇ ಕೆಲಸವಾಗಿ ಉಳ್ಳ ಒಬ್ಬನಿದ್ದಿದ್ದರೆ ಈ ಅಲೆದಾಟವು ತಪ್ಪುತ್ತಿತ್ತೆಂದಷ್ಟೇ ನಮ್ಮ ಹೇಳಿಕೆಯು.

ಕಳ್ಳರು ಈ ವಿಷಯದಲ್ಲಿ ನಮಗಿಂತ ಚುರುಕಾಗಿದ್ದಾರೆ. ನಮ್ಮ ಜಿಲ್ಲೆಯ ನ್ಯಾಮತಿಯಲ್ಲಿ 2024ರ ಅಕ್ಟೋಬರಿನಲ್ಲಿ ಬ್ಯಾಂಕಿನ ಶಾಖೆಯೊಂದಕ್ಕೆ ಕನ್ನ ಹಾಕಿ ಹದಿನೇಳು ಕಿಲೋಗೂ ಮಿಕ್ಕಿ ಚಿನ್ನವನ್ನು ಕದ್ದವರು, ಚಿನ್ನದೊಡನೆ ಸಿ.ಸಿ. ಕ್ಯಾಮೆರಾಗಳ ಚಿತ್ರಗಳನ್ನು ಶೇಖರಿಸುವ ಪೆಟ್ಟಿಗೆಯನ್ನೂ ಹೊತ್ತೊಯ್ದಿದ್ದರು. ಪೊಲೀಸರು ತಿಂಗಳುಗಟ್ಟಲೆ ಶ್ರಮಪಟ್ಟು 2025ರ ಮಾರ್ಚಿನ ಹೊತ್ತಿಗೆ ತಮಿಳುನಾಡಿನ ಬಾವಿಯೊಂದರಿಂದ ಚಿನ್ನವನ್ನು ಹೊರತೆಗೆಸಿದುದು ಪ್ರಶಂಸನೀಯವೇ ಸರಿ. ಸಾಕ್ಷ್ಯದ ಬೆಲೆಯು ಚಿನ್ನದ ಬೆಲೆಗೆ ಕಡಮೆಯಲ್ಲವೆಂಬುದನ್ನು ಕನ್ನಗಳ್ಳರು ತಿಳಿದಿದ್ದರು. ನಮ್ಮ ಕಚೇರಿಗಳು ತಿಳಿಯುವುದು ಎಂದಿಗೆ? ದಾವಣಗೆರೆಯು 2016ರಲ್ಲಿ ಸ್ಮಾರ್ಟ್ ಸಿಟಿಗಳ ಮೊದಲನೆಯ ಪಟ್ಟಿಯಲ್ಲಿಯೇ ಸೇರಿದ ನಗರವು. ಬೀದಿಗಳಿಗೆ ಕಣ್ಣುಗಳು ಬಂದಿವೆ. ಆದರೆ ಕ್ಯಾಮೆರಾದ ಪೆಟ್ಟಿಗೆಯು ತುಂಬಿದೊಡನೆ ಹಳೆಯ ಚಿತ್ರಗಳನ್ನು ತಾನಾಗಿಯೇ ಅಳಿಸಿ ಹೊಸದನ್ನು ಬರೆದುಕೊಳ್ಳುತ್ತದೆ. ಅಂಗಡಿಗಳಲ್ಲಿ ಇದು ಕೆಲವೇ ವಾರಗಳಲ್ಲಿ ಆಗಿಹೋಗುವುದುಂಟು. ‘ಆ ದಿನದ ಚಿತ್ರವನ್ನು ಅಳಿಸದೆ ಇಡಿರಿ’ ಎಂಬ ಪತ್ರವು ತಿಂಗಳು ಕಳೆದು ಹೋದರೆ, ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲನ್ನು ಹಾಕಿದಂತಾಗುತ್ತದೆ.

ಹಾಗಾದರೆ ಈ ಕೆಲಸವು ಯಾರದು? ಪೊಲೀಸ್ ಠಾಣೆಯು ಜಪ್ತಿ ಮಾಡುತ್ತದೆ, ಪ್ರಯೋಗಾಲಯವು ಪರೀಕ್ಷಿಸುತ್ತದೆ, ಅಭಿಯೋಗ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆಯ ಅಭಿಯೋಜಕರು ವಾದಿಸುತ್ತಾರೆ. ದಿವಾಣಿ ದಾವೆಗಳಲ್ಲಿ ಸರ್ಕಾರಿ ವಕೀಲರೂ ಕಂದಾಯದ ಅಧಿಕಾರಿಗಳೂ ಇರುತ್ತಾರೆ. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸವನ್ನು ಮಾಡಿ ಮುಗಿಸುತ್ತಾರೆ. ಒಬ್ಬರ ಕೆಲಸಕ್ಕೂ ಮತ್ತೊಬ್ಬರ ಕೆಲಸಕ್ಕೂ ನಡುವಿನ ಸಂದಿಯಲ್ಲಿ ಸಾಕ್ಷ್ಯವು ಜಾರಿಬೀಳುತ್ತದೆ. ದಿನಕ್ಕೆ ಹಲವು ಮೊಕದ್ದಮೆಗಳ ಕಟ್ಟನ್ನು ಹೊತ್ತು ಓಡಾಡುವ ಅಭಿಯೋಜಕರು ತಾವೇ ಕುಳಿತು ಸಾವಿರಾರು ಸಂದೇಶಗಳನ್ನು ಓದಿ, ಹ್ಯಾಶ್ ಮಾಲೆಗಳನ್ನು ತಾಳೆ ನೋಡಬೇಕೆಂದರೆ ಅದು ಆಗದ ಮಾತು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸರ್ಕಾರದ ಪರವಾದ ವಕೀಲರ ಕಚೇರಿಗಳಿಗೆ ಇದಕ್ಕೆಂದೇ ಸಹಾಯಕ ಸಿಬ್ಬಂದಿಯಿದೆ. ಸಾಧನಗಳಿಂದ ಬಂದ ದಾಖಲೆಗಳನ್ನು ಅವರು ವಿಂಗಡಿಸುತ್ತಾರೆ, ಸಂಖ್ಯೆ ಹಾಕುತ್ತಾರೆ, ಎದುರು ಕಕ್ಷಿಗೆ ಒಪ್ಪಿಸಬೇಕಾದುದನ್ನು ಒಪ್ಪಿಸುತ್ತಾರೆ, ನ್ಯಾಯಾಲಯದಲ್ಲಿ ತೋರಿಸಲು ಸಜ್ಜುಗೊಳಿಸುತ್ತಾರೆ. ಅಲ್ಲಿನ ಸಂಯುಕ್ತ ನ್ಯಾಯಾಲಯಗಳ ದಿವಾಣಿ ನಿಯಮಗಳಲ್ಲಿ ವಿದ್ಯುನ್ಮಾನ ದಾಖಲೆಗೆ 2006ರಲ್ಲಿಯೇ ಸ್ಥಾನವನ್ನು ಕಲ್ಪಿಸಲಾಯಿತು.

ನಮ್ಮಲ್ಲಿಯೂ ಪ್ರತಿ ಜಿಲ್ಲೆಯ ಸರ್ಕಾರಿ ಅಭಿಯೋಜಕರ ಹಾಗೂ ವಕೀಲರ ಕಚೇರಿಯಲ್ಲಿ ಅಂತಹ ಒಬ್ಬ ಸಾಕ್ಷ್ಯಪಾಲನು ಇರಬೇಕೆಂಬುದು ನಮ್ಮ ಸೂಚನೆಯು. ದೊಡ್ಡ ಸಂಬಳದ ಅಧಿಕಾರಿಯೇ ಆಗಬೇಕಾಗಿಲ್ಲ. ಕಾನೂನಿನ ಅಕ್ಷರವನ್ನೂ ಯಂತ್ರದ ನಡತೆಯನ್ನೂ ಅರಿತ, ಶಿಸ್ತುಳ್ಳ ತರುಣನೋ ತರುಣಿಯೋ ಸಾಕು. ಅಪರಾಧದ ಸುದ್ದಿ ಬಂದೊಡನೆ ಅಳಿದುಹೋಗಬಹುದಾದ ದಾಖಲೆ ಯಾರಲ್ಲಿದೆಯೆಂದು ತಿಳಿದು, ಅದನ್ನು ಕಾಪಾಡುವಂತೆ ಪತ್ರ ಹೋಗುವ ಏರ್ಪಾಡು ಮಾಡುವುದು ಆತನ ಮೊದಲನೆಯ ಕೆಲಸವು. ಸಾಧನವು ಯಾವ ದಿನ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ರಿಜಿಸ್ಟರನ್ನು ತಪ್ಪದೆ ಬರೆದಿಡುವುದು ಎರಡನೆಯದು. ವಿದ್ಯುನ್ಮಾನ ಸಾಧನವು ಯಾರ ಯಾರ ವಶದಲ್ಲಿತ್ತೆಂಬ ಅನುಕ್ರಮವನ್ನು ಪೊಲೀಸ್ ವರದಿಯಲ್ಲಿ ಕಾಣಿಸಬೇಕೆಂದು 2023ರ ನಾಗರಿಕ ಸುರಕ್ಷಾ ಸಂಹಿತೆಯೇ ವಿಧಿಸಿದೆ. ಮೂಲವನ್ನು ಮುಟ್ಟದೆ ಪ್ರತಿಯ ಮೇಲೆಯೇ ಪರಿಶೀಲನೆ ನಡೆಯುವಂತೆ ನೋಡುವುದು ಮೂರನೆಯದು. ಪ್ರಮಾಣಪತ್ರದ ಎರಡು ಭಾಗಗಳೂ ಮೊದಲ ದಿನವೇ ದಾಖಲೆಯೊಡನೆ ಇವೆಯೇ ಎಂದು ನೋಡುವುದು ನಾಲ್ಕನೆಯದು.

ಇದೆಲ್ಲ ಅಪರಾಧಿಗಳಿಗೆ ನುಣುಚಿಕೊಳ್ಳಲು ಸಂದು ಕೊಡುವ ತಾಂತ್ರಿಕ ಕಾಲಹರಣವೆಂದು ಕೆಲವರು ಹೇಳುವರು. ನಮ್ಮ ಅಭಿಪ್ರಾಯವು ಹಾಗಲ್ಲ. 2017ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಕ್ರಾಯ್ಡನ್ ನ್ಯಾಯಾಲಯದಲ್ಲಿ ಘೋರವಾದ ಆರೋಪವನ್ನು ಹೊತ್ತಿದ್ದ ವಿದ್ಯಾರ್ಥಿಯೊಬ್ಬನ ಮೊಕದ್ದಮೆಯು ವಿಚಾರಣೆಯ ನಡುವೆಯೇ ಬಿದ್ದುಹೋಯಿತು. ಫಿರ್ಯಾದಿಯ ಮೊಬೈಲಿನಿಂದ ತೆಗೆದ ನಲವತ್ತು ಸಾವಿರದಷ್ಟು ಸಂದೇಶಗಳು ಪೊಲೀಸರಲ್ಲಿಯೇ ಇದ್ದವು. ಆರೋಪಿಗೆ ಅನುಕೂಲವಾದ ಸಂದೇಶಗಳು ಅದರಲ್ಲಿದ್ದರೂ ಪ್ರತಿವಾದಿಯ ವಕೀಲರಿಗೆ ಕೊಟ್ಟಿರಲಿಲ್ಲ. ಹೊಸದಾಗಿ ಬಂದ ಸರ್ಕಾರಿ ವಕೀಲರು ಅವನ್ನು ತರಿಸಿದಾಗ ಸತ್ಯವು ಹೊರಬಿದ್ದಿತು. ಅಷ್ಟರೊಳಗೆ ಆ ತರುಣನ ಬಾಳಿನ ಎರಡು ವರ್ಷಗಳು ಕಳಂಕದಲ್ಲಿ ಕಳೆದಿದ್ದವು. ಸಾಕ್ಷ್ಯವನ್ನು ಕ್ರಮದಿಂದ ಕಾಯುವವನು ಸರ್ಕಾರದ ಗೆಲುವಿಗೆ ಮಾತ್ರ ದುಡಿಯುವವನಲ್ಲ. ನಿರಪರಾಧಿಯ ಮಾನವನ್ನೂ ಕಾಯುವವನು. ಇಲ್ಲದ ಮುಖವನ್ನೂ ಆಡದ ಮಾತನ್ನೂ ಯಂತ್ರವೇ ಸೃಷ್ಟಿಸಿಕೊಡುವ ಈ ಕಾಲದಲ್ಲಿ ಆ ಕಾವಲು ಇನ್ನಷ್ಟು ಅವಶ್ಯಕವು. ನಾಳೆ ಕಟ್ಟಿಟ್ಟ ಚಿತ್ರವು ನಮ್ಮ ನಿಮ್ಮ ಮೇಲೆಯೇ ಬಂದರೆ ನಮ್ಮನ್ನು ರಕ್ಷಿಸುವುದೂ ಈ ಮುದ್ರೆಯೇ, ಈ ರಿಜಿಸ್ಟರೇ.

ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆಯು ಇಷ್ಟೇ: ಹೊಸ ಕಾನೂನನ್ನು ಕೊಂಡಾಡುವ ಸಭೆಗಳು ಸಾಕು, ಅದನ್ನು ನಡೆಸುವ ಕೈಗಳನ್ನು ಕೊಡಿರಿ. ಸಾರ್ವಜನಿಕರಲ್ಲಿಯೂ ಒಂದು ಮಾತು: ಅನ್ಯಾಯದ ಚಿತ್ರವನ್ನು ತೆಗೆದವರು ಅದನ್ನು ನಾಲ್ಕು ಜನರಿಗೆ ಹಂಚುವುದಕ್ಕೆ ಮೊದಲು ಮೂಲವನ್ನು ಅಳಿಸದೆ, ಮಾರದೆ, ಆ ಮೊಬೈಲಿನೊಡನೆಯೇ ಅಧಿಕಾರಿಯ ಬಳಿಗೆ ಹೋಗಲಿ. ಹೋಗಿ ಕೊಟ್ಟದ್ದಕ್ಕೆ ರಸೀತಿಯನ್ನು ಪಡೆಯಲಿ. ಕೆರೆಯು ಊರಿನದು. ಅದನ್ನು ಉಳಿಸಲು ರಾತ್ರಿಯಲ್ಲಿ ಎದ್ದುಹೋದ ತರುಣನ ಧೈರ್ಯವು ಕಚೇರಿಯ ಮೇಜಿನ ಮೇಲೆ ವ್ಯರ್ಥವಾದರೆ, ಮುಂದಿನ ಸಲ ಯಾರೂ ಎದ್ದು ಹೋಗುವುದಿಲ್ಲ.