ಮಾತಿಗೆ ಸಿಗದ ನೋವು, ರಂಗದ ಮೇಲೆ

ಮಾತಿಗೆ ಸಿಗದ ನೋವನ್ನು ನಾಟಕ ಹೇಗೆ ತೋರಿಸುತ್ತೆ?

1972. ಸ್ಯಾಮ್ಯುಯೆಲ್ ಬೆಕೆಟ್ ಅವರ ‘ನಾಟ್ ಐ’. ರಂಗ ಬಹುಪಾಲು ಕತ್ತಲು, ಎದ್ದು ಕಾಣೋದು ಬೆಳಕು ಬಿದ್ದ ಒಂದು ಬಾಯಿ. ಆ ಬಾಯಿ ಒಂದೇ ಸಮನೆ ತನ್ನ ಕಥೆ ಹೇಳುತ್ತೆ. ಆದರೆ ‘ನಾನು’ ಅನ್ನೋದೇ ಇಲ್ಲ, ‘ಅವಳು’ ಅನ್ನುತ್ತೆ. ಆಘಾತ ಮನುಷ್ಯನನ್ನು ತನ್ನಿಂದಲೇ ದೂರ ಮಾಡೋದು ಹೀಗೆ.

ಈಗ ನಮ್ಮ ಕಡೆ ಬನ್ನಿ. ಹಳಿಯಾಳ, ಜೋಯಿಡಾ, ಮುಂಡಗೋಡ, ಯಲ್ಲಾಪುರದ ಸಿದ್ದಿಗಳು. ಇವರ ಪೂರ್ವಜರಲ್ಲಿ ಹಲವರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರನ್ನಾಗಿ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು.

80ರ ದಶಕದಲ್ಲಿ ನೀನಾಸಂನ ಚಿದಂಬರರಾವ್ ಜಂಬೆ, ಮಂಚಿಕೇರಿ ಭಾಗದ ಸಿದ್ದಿಗಳಿಂದಲೇ ‘ಕಪ್ಪು ಜನ ಕೆಂಪು ನೆರಳು’ ನಾಟಕ ಆಡಿಸಿದರು. ಮೂಲ, ಚಿನುವಾ ಅಚಿಬೆ 1958ರಲ್ಲಿ ಇಂಗ್ಲಿಷಿನಲ್ಲಿ ಬರೆದ ನೈಜೀರಿಯಾದ ಕಥೆ. ಅದರ ನಾಯಕ ಒಕೊಂಕ್ವೊ, ತನ್ನನ್ನು ಅಪ್ಪಾ ಅಂತ ಕರೆದ ಹುಡುಗನನ್ನೇ ಕಡಿಯುತ್ತಾನೆ. ಅಳೋದಿಲ್ಲ, ಎರಡು ದಿನ ಅನ್ನ ಮುಟ್ಟೋದಿಲ್ಲ. ನೋವನ್ನು ಇಲ್ಲಿ ಹೇಳೋದು ಮೈ.

ದಾಂಡೇಲಿಯ ರೆಸಾರ್ಟ್‌ನಲ್ಲಿ ಸಿದ್ದಿಗಳ ಡಮಾಮಿ ಕುಣಿತಕ್ಕೆ ಚಪ್ಪಾಳೆ ತಟ್ಟುವ ನಾವು, ಸಿದ್ದಿ ಕಲಾವಿದರು ನಾಟಕ ಆಡಿದಾಗಲೂ ಹೋಗಿ ಕೂರೋಣ. ಅವರ ಚರಿತ್ರೆಯನ್ನು ಅವರ ದನಿಯಲ್ಲೇ ಕೇಳೋಣ.