ಗಣಿ ಮುಚ್ಚಿದರೂ ಮನೆಯ ದೀಪ ಆರದಿರಲು

ಜರ್ಮನಿಯ ಪಶ್ಚಿಮ ಭಾಗದಲ್ಲಿರುವ ರೂರ್ ಪ್ರದೇಶವು ಒಂದೂವರೆ ಶತಮಾನ ಕಾಲ ಯುರೋಪಿನ ಕಲ್ಲಿದ್ದಲು ಮತ್ತು ಉಕ್ಕಿನ ಕಣಜವೆನಿಸಿತ್ತು. ಅಲ್ಲಿಯ ಬೊಟ್ರೊಪ್ ನಗರದ ಪ್ರಾಸ್ಪರ್-ಹಾನಿಯೆಲ್ ಗಣಿಯಿಂದ 2018ರ ಡಿಸೆಂಬರ್ 21ರಂದು ಮೇಲೆ ಬಂದ ಗಣಿಗಾರರು ಒಂದು ಕಲ್ಲಿದ್ದಲಿನ ತುಂಡನ್ನು ರಾಷ್ಟ್ರಾಧ್ಯಕ್ಷ ಫ್ರಾಂಕ್-ವಾಲ್ಟರ್ ಸ್ಟೈನ್‌ಮಾಯರ್ ಅವರ ಕೈಗೆ ಒಪ್ಪಿಸಿದರು. ಅದರೊಂದಿಗೆ ಆ ದೇಶದ ಕಪ್ಪು ಕಲ್ಲಿದ್ದಲಿನ ಗಣಿಗಾರಿಕೆ ಕೊನೆಗೊಂಡಿತು. ಹಿಂದಿನ ದಿನ ಎಸ್ಸೆನ್ ಪ್ರಧಾನಾಲಯದಲ್ಲಿ ಕಥೋಲಿಕರೂ ಪ್ರೊಟೆಸ್ಟೆಂಟರೂ ಒಟ್ಟಾಗಿ ಸೇರಿ, ಗಣಿಗಾರರ ತಲೆಮಾರುಗಳಿಗಾಗಿ ದೇವರಿಗೆ ಕೃತಜ್ಞತೆ ಸಲ್ಲಿಸಿದ್ದರು.

ಕಣ್ಣೀರು ಹರಿದದ್ದು ನಿಜ. ಆದರೆ ಅಂದು ಬಹುಪಾಲು ಗಣಿಗಾರರು ನಾಳೆ ಮನೆಯಲ್ಲಿ ಒಲೆ ಉರಿಯುವುದೇ ಎಂದು ಚಿಂತಿಸಬೇಕಾಗಿರಲಿಲ್ಲ. ಕಲ್ಲಿದ್ದಲು ಮತ್ತು ತೈಲವನ್ನು ಬಿಟ್ಟು ಗಾಳಿ, ಬಿಸಿಲುಗಳ ಶಕ್ತಿಯತ್ತ ಜಗತ್ತು ಹೊರಳುತ್ತಿರುವ ಈ ಕಾಲದಲ್ಲಿ, ವಿದ್ಯುತ್, ಗಣಿ ಮತ್ತು ಉಕ್ಕಿನ ಕಂಪೆನಿಗಳು ಹೇಗೆ ಬದಲಾಗಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ರೂರ್‌ನ ಈ ಅನುಭವವನ್ನು ಅರಿಯುವುದು ಲೇಸು.

1957ರಲ್ಲಿ ಜರ್ಮನಿಯ ಕಪ್ಪು ಕಲ್ಲಿದ್ದಲು ಗಣಿಗಳಲ್ಲಿ ಸುಮಾರು 6 ಲಕ್ಷ ಮಂದಿ ದುಡಿಯುತ್ತಿದ್ದರು. ಈ ಶ್ರಮಿಕರ ನಾಡಿಗೆಂದೇ 1958ರ ಜನವರಿ 1ರಂದು ಎಸ್ಸೆನ್ ಧರ್ಮಪ್ರಾಂತ್ಯವು ಸ್ಥಾಪನೆಯಾಯಿತು. ವಿಪರ್ಯಾಸವೆಂದರೆ ಅದೇ ವರ್ಷ ಬಿಕ್ಕಟ್ಟು ತಲೆದೋರಿತು. ಅಗ್ಗದ ತೈಲ ಮತ್ತು ಹೊರದೇಶದ ಕಲ್ಲಿದ್ದಲಿನೆದುರು ಸ್ಥಳೀಯ ಕಲ್ಲಿದ್ದಲು ದುಬಾರಿಯಾಯಿತು. ಗಣಿಗಳು ಒಂದೊಂದಾಗಿ ಮುಚ್ಚತೊಡಗಿದವು. ಪರಿಸರದ ಕಾಳಜಿ ಅಂದಿನ ಕಾರಣವಾಗಿರಲಿಲ್ಲ. ಆದರೆ ಆಗ ಕಲಿತ ಪಾಠವೇ ಇಂದಿನ ಶಕ್ತಿ ಪರಿವರ್ತನೆಗೆ ದಾರಿದೀಪವಾಗಿದೆ.

1968ರಲ್ಲಿ ಬಹುಪಾಲು ಗಣಿಗಳನ್ನು ರೂರ್‌ಕೋಲೆ ಎಂಬ ಒಂದೇ ಕಂಪೆನಿಯ ಅಡಿಯಲ್ಲಿ ತರಲಾಯಿತು. ಇದರಿಂದ ಒಂದು ಗಣಿ ಮುಚ್ಚಿದರೆ ಅಲ್ಲಿಯ ಕಾರ್ಮಿಕರನ್ನು ಇನ್ನೊಂದಕ್ಕೆ ವರ್ಗಾಯಿಸಲು ಸಾಧ್ಯವಾಯಿತು. 2007ರಲ್ಲಿ ಕೇಂದ್ರ ಸರ್ಕಾರ, ಗಣಿ ಪ್ರದೇಶದ ಎರಡು ರಾಜ್ಯಗಳು, ಕಂಪೆನಿ ಮತ್ತು ಕಾರ್ಮಿಕ ಸಂಘ ಒಂದೇ ಮೇಜಿನ ಸುತ್ತ ಕುಳಿತು, 2018ರ ಅಂತ್ಯಕ್ಕೆ ಗಣಿಗಾರಿಕೆ ನಿಲ್ಲಿಸುವ ನಿರ್ಧಾರಕ್ಕೆ ಬಂದವು. ಆಗ ಉಳಿದಿದ್ದ ಕಾರ್ಮಿಕರು ಸುಮಾರು 33 ಸಾವಿರ. ಅವರಿಗೆ ದೊರೆತ ಕಾಲಾವಕಾಶ 11 ವರ್ಷ. ನೆಲದಡಿಯಲ್ಲಿ ದುಡಿದು 50 ವರ್ಷ ತುಂಬಿದವರು ಪಿಂಚಣಿ ಬರುವವರೆಗೆ ಸರ್ಕಾರದ ಹೊಂದಾಣಿಕೆ ಭತ್ಯೆ ಪಡೆದು ನಿವೃತ್ತರಾಗಬಹುದಿತ್ತು. ಕಿರಿಯರಿಗೆ ಬೇರೆ ಕಸುಬಿನ ತರಬೇತಿ ಕೊಡಿಸಲಾಯಿತು. ಯಾರನ್ನೂ ಬರಿಗೈಯಲ್ಲಿ ಬೀದಿಗೆ ತಳ್ಳಬಾರದೆಂಬುದು ಒಪ್ಪಂದದ ತಿರುಳಾಗಿತ್ತು.

ಮನುಷ್ಯರಿಗೆ ಸಲ್ಲಬೇಕಾದ ಋಣದಂತೆ ಮಣ್ಣಿಗೆ ಸಲ್ಲಬೇಕಾದ ಋಣವೂ ಇತ್ತು. ಗಣಿ ತೋಡಿದ ಪರಿಣಾಮವಾಗಿ ರೂರ್‌ನ ನೆಲ ಕೆಲವೆಡೆ 25 ಮೀಟರುಗಳವರೆಗೆ ಕುಸಿದಿದೆ. ಪಂಪುಗಳು ಹಗಲಿರುಳು ನೀರೆತ್ತದಿದ್ದರೆ ಆ ಪ್ರದೇಶದ ಸುಮಾರು ಐದನೆಯ ಒಂದು ಭಾಗ ಜಲಾವೃತವಾದೀತು. ಈ ಕೆಲಸಕ್ಕೆ ಕೊನೆಯೆಂಬುದಿಲ್ಲ. ಅಲ್ಲಿಯವರು ಅದನ್ನು ‘ಅನಂತಕಾಲದ ಹೊಣೆ’ ಎಂದೇ ಕರೆಯುತ್ತಾರೆ. ಅದಕ್ಕಾಗಿ 2007ರಲ್ಲಿಯೇ ಒಂದು ಪ್ರತಿಷ್ಠಾನವನ್ನು ರಚಿಸಿ, ಗಣಿ ಕಂಪೆನಿಯ ರಾಸಾಯನಿಕ ಉದ್ಯಮವನ್ನು ಅದರ ಒಡೆತನಕ್ಕೆ ಒಪ್ಪಿಸಲಾಯಿತು. ಎವೊನಿಕ್ ಎಂಬ ಹೆಸರಿನ ಆ ಉದ್ಯಮದ ಷೇರು ಮಾರಾಟ, ಲಾಭಾಂಶ ಮತ್ತು ಇತರ ಹೂಡಿಕೆಗಳ ಆದಾಯದಿಂದ 2019ರ ಬಳಿಕ ನೀರೆತ್ತುವ ವೆಚ್ಚ ನಡೆಯುತ್ತಿದೆ. ಲಾಭ ಉಂಡವರು ಹೊರಟುಹೋಗಿ, ನಷ್ಟವನ್ನು ಊರಿನವರ ತಲೆಗೆ ಕಟ್ಟುವ ಅನ್ಯಾಯ ಹೀಗೆ ತಪ್ಪಿತು.

ಹಾಗೆಂದು ಎಲ್ಲವೂ ಸುಗಮವಾಯಿತೆಂದು ಭಾವಿಸಲಾಗದು. ಬೋಖುಮ್ ನಗರದಲ್ಲಿ ಗಣಿಗಳಿಗೆ ಬದಲಿಯಾಗಿ 1962ರಲ್ಲಿ ಆರಂಭವಾದ ಒಪೆಲ್ ಕಾರು ಕಾರ್ಖಾನೆ 2014ರಲ್ಲಿ ಉತ್ಪಾದನೆ ನಿಲ್ಲಿಸಿತು. ಅದೇ ನಗರದಲ್ಲಿ 1965ರಲ್ಲಿ ತೆರೆದ ವಿಶ್ವವಿದ್ಯಾನಿಲಯ ಮಾತ್ರ ಇಂದಿಗೂ ಸಾವಿರಾರು ಯುವಜನರಿಗೆ ವಿದ್ಯೆ ನೀಡುತ್ತಿದೆ. ಹಳೆಯ ಗಣಿಗಾರನಿಗೆ ಭತ್ಯೆ ಸಿಕ್ಕರೂ ಅವನ ಮಗನಿಗೆ ಕೆಲಸ ಸಿಗದ ಊರುಗಳಿವೆ. ಗೆಲ್ಸೆನ್‌ಕಿರ್ಖೆನ್ ನಗರದ ನಿರುದ್ಯೋಗವು ದೇಶದಲ್ಲಿಯೇ ಅತ್ಯಧಿಕವಾದವುಗಳಲ್ಲಿ ಒಂದಾಗಿದೆ.

ಉಕ್ಕಿನ ಉದ್ಯಮದ ಸರದಿ ಈಗ ಬಂದಿದೆ. ಊದುಕುಲುಮೆಯಲ್ಲಿ ಅದಿರಿನಿಂದ ಆಮ್ಲಜನಕವನ್ನು ಬೇರ್ಪಡಿಸಲು ಕಲ್ಲಿದ್ದಲಿನಿಂದ ತಯಾರಿಸಿದ ಕೋಕ್ ಬೇಕು. ಅದರಿಂದ ಇಂಗಾಲದ ಡೈಆಕ್ಸೈಡ್ ಅಪಾರವಾಗಿ ಹೊರಬೀಳುತ್ತದೆ. ಕೋಕ್ ಬದಲು ಜಲಜನಕವನ್ನು ಬಳಸಿದರೆ ಉಳಿಯುವುದು ನೀರಾವಿ. ಡ್ಯೂಸ್‌ಬರ್ಗ್‌ನಲ್ಲಿ ಇಂತಹ ಘಟಕವನ್ನು ಕಟ್ಟಲು ಥೈಸೆನ್‌ಕ್ರುಪ್ ಕಂಪೆನಿಗೆ ಸುಮಾರು 200 ಕೋಟಿ ಯೂರೋಗಳ ಸರ್ಕಾರಿ ನೆರವಿಗೆ 2023ರಲ್ಲಿ ಒಪ್ಪಿಗೆ ದೊರೆಯಿತು. ಆದರೆ 2024ರ ನವೆಂಬರ್‌ನಲ್ಲಿ ಅದೇ ಕಂಪೆನಿಯ ಉಕ್ಕು ವಿಭಾಗವು ಸುಮಾರು 5,000 ಉದ್ಯೋಗಗಳನ್ನು ಕಡಿತಗೊಳಿಸುವುದಾಗಿಯೂ, ಇನ್ನೂ 6,000 ಉದ್ಯೋಗಗಳನ್ನು ತನ್ನಿಂದ ಬೇರ್ಪಡಿಸುವುದಾಗಿಯೂ ಪ್ರಕಟಿಸಿತು. ಹೊಸ ಯಂತ್ರಕ್ಕೆ ಹಣ ಒದಗಿಸಿದ ಮಾತ್ರಕ್ಕೆ ಕಾರ್ಮಿಕನ ನಾಳೆ ಭದ್ರವಾಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ನಾಡಿಗೂ ಈ ವಿಷಯ ದೂರದ್ದಲ್ಲ. ಕೋಲಾರದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಗಣಿಯ ಸುತ್ತ ಬೆಳೆದ ಊರಿನ ಮಕ್ಕಳು ಮೊಮ್ಮಕ್ಕಳು ಬೆಳಕು ಹರಿಯುವ ಮುನ್ನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವುದನ್ನು, ಸೈನೈಡ್ ದಿಬ್ಬಗಳ ಧೂಳು ಗಾಳಿಗೆ ಏಳುವುದನ್ನು ಕಂಡವರಿಗೆ ರೂರ್‌ನ ಒಪ್ಪಂದದ ಬೆಲೆ ಅರ್ಥವಾಗುತ್ತದೆ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ಉತ್ಪಾದಿಸುತ್ತಿರುವ ಸ್ಥಾವರ ಕಲ್ಲಿದ್ದಲನ್ನೇ ನಂಬಿದೆ. ತೋರಣಗಲ್ಲಿನ ಉಕ್ಕಿನ ಕುಲುಮೆಗಳೂ ಅಷ್ಟೆ. 2070ರೊಳಗೆ ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕೆ ತರುವುದಾಗಿ ಭಾರತವು 2021ರಲ್ಲಿ ಘೋಷಿಸಿದೆ. ಕೊಲ್ಲಿ ರಾಷ್ಟ್ರಗಳ ತೈಲ ಕಂಪೆನಿಗಳಿಂದ ಬರುವ ಸಂಬಳದಲ್ಲಿ ಮನೆ ಕಟ್ಟಿದ, ಮಕ್ಕಳನ್ನು ಓದಿಸಿದ ಕುಟುಂಬಗಳು ಕರಾವಳಿಯ ಧರ್ಮಕೇಂದ್ರಗಳಲ್ಲಿ ಎಷ್ಟೋ ಇವೆ.

ಪ್ರಾಸ್ಪರ್-ಹಾನಿಯೆಲ್ ಗಣಿಗೆ 1987ರ ಮೇ 2ರಂದು ಅಂದಿನ ಜಗದ್ಗುರು ಎರಡನೆಯ ಜಾನ್ ಪೌಲರು ಭೇಟಿ ನೀಡಿದ್ದರು. ಆ ಸಂದರ್ಭಕ್ಕಾಗಿ ಗಣಿಯ ಮರದ ತೊಲೆಗಳಿಂದ ಮಾಡಿದ ದೊಡ್ಡ ಶಿಲುಬೆ ಈಗ ಗಣಿತ್ಯಾಜ್ಯದ ಗುಡ್ಡದ ಮೇಲೆ ನಿಂತಿದೆ. ಶುಭ ಶುಕ್ರವಾರದಂದು ಜನರು ಆ ಗುಡ್ಡವನ್ನೇರಿ ಶಿಲುಬೆಯ ಹಾದಿಯ ಪ್ರಾರ್ಥನೆ ಸಲ್ಲಿಸುತ್ತಾರೆ. ಆರು ವರ್ಷಗಳ ಹಿಂದೆ, 1981ರಲ್ಲಿ, ಅದೇ ಜಗದ್ಗುರುಗಳು ಶ್ರಮವನ್ನು ಕುರಿತ ತಮ್ಮ ವಿಶ್ವಪತ್ರದಲ್ಲಿ ಬಂಡವಾಳಕ್ಕಿಂತ ದುಡಿಮೆಗೆ ಮೊದಲ ಸ್ಥಾನವೆಂದು ಬೋಧಿಸಿದ್ದರು.

ಆ ಬೋಧನೆ ಕಾರ್ಯಗತವಾಗಬೇಕಾದರೆ ಬೀಗ ಬೀಳುವ ದಿನದವರೆಗೆ ಕಾಯಬಾರದು. ಮುಚ್ಚುವ ದಿನಾಂಕ ಯಾವುದು, ಮಧ್ಯವಯಸ್ಸಿನವರಿಗೆ ಆಸರೆ ಯಾವುದು, ಕಿರಿಯರಿಗೆ ಯಾವ ಕಸುಬು, ಕೆಟ್ಟ ನೆಲವನ್ನು ಸರಿಪಡಿಸುವ ಖರ್ಚು ಯಾರದು? ಈ ನಾಲ್ಕು ಪ್ರಶ್ನೆಗಳನ್ನು ಕಾರ್ಖಾನೆ ಚೆನ್ನಾಗಿ ನಡೆಯುತ್ತಿರುವಾಗಲೇ ಕಂಪೆನಿಗಳಿಗೂ ಸರ್ಕಾರಕ್ಕೂ ಕೇಳುವ ಹೊಣೆ ಕಾರ್ಮಿಕರ ಮೇಲೆ ಮಾತ್ರವಲ್ಲ, ಅವರ ದುಡಿಮೆಯ ಬೆಳಕಿನಲ್ಲಿ ಬದುಕುವ ನಮ್ಮೆಲ್ಲರ ಮೇಲೂ ಇದೆ.