ನಾಲ್ಕು ಗಂಟೆಯ ರೋಗಿಗಳು

ದುಬೈಯ ನನ್ನ ಕ್ಲಿನಿಕ್ಕಿಗೆ ಮಧ್ಯಾಹ್ನ ಮೂರೂವರೆಯಿಂದ ಆರರವರೆಗೆ ಬರುವವರಲ್ಲಿ ಹೆಚ್ಚಿನವರು ಹೋಟೆಲ್ ಹುಡುಗರು. ಕುಂದಾಪುರ, ಬೈಂದೂರು, ಕಾರ್ಕಳ, ಬಂಟ್ವಾಳ ಕಡೆಯವರು. ಅವರದು 'ಬ್ರೇಕ್ ಡ್ಯೂಟಿ'. ಬೆಳಗ್ಗೆ ಹತ್ತರಿಂದ ಮೂರು, ಮತ್ತೆ ಸಂಜೆ ಏಳರಿಂದ ಹನ್ನೊಂದು. ಲೆಕ್ಕಕ್ಕೆ ಒಂಬತ್ತು ಗಂಟೆ ಕೆಲಸ. ರೂಮಿನಿಂದ ಹೊರಟು ಮತ್ತೆ ರೂಮು ಸೇರುವಷ್ಟರಲ್ಲಿ ಹದಿನಾಲ್ಕು ಗಂಟೆಯ ದಿನ.

ಕಳೆದ ವರ್ಷ ರಾಜ್ಯೋತ್ಸವದ ಸಿದ್ಧತಾ ಸಭೆಯಲ್ಲಿ ಹೋಟೆಲ್ ಮಾಲೀಕರಾದ ಮಿತ್ರರೊಬ್ಬರು ಪಕ್ಕದಲ್ಲಿ ಕುಳಿತು ಅಲವತ್ತುಕೊಂಡರು: "ಹುಡುಗರು ನಿಲ್ಲುವುದೇ ಇಲ್ಲ ಡಾಕ್ಟ್ರೇ. ಟಿಕೆಟ್ ಕೊಟ್ಟು, ವೀಸಾ ಮಾಡಿಸಿ ಕರೆಸುತ್ತೇವೆ. ಎರಡು ವರ್ಷ ಆಗುವುದೇ ತಡ, ಆಚೆ ಬೀದಿಯ ಹೋಟೆಲಿಗೆ ಹೋಗಿ ಸೇರಿಕೊಳ್ಳುತ್ತಾರೆ ಮಾರಾಯ್ರೆ!"

ಅವರ ಹುಡುಗರ ಕಾಲು ನೋಡಿದವನು ನಾನು. ಇಪ್ಪತ್ತೈದು ವರ್ಷದವನ ಮೀನಖಂಡದಲ್ಲಿ ಉಬ್ಬಿದ ನರಗಳು. ನೀರು ಕುಡಿದರೆ ಮತ್ತೆ ಮತ್ತೆ ಎದ್ದು ಹೋಗಬೇಕಲ್ಲ ಎಂದು ಕುಡಿಯದೇ ಇದ್ದು ಮೂತ್ರದಲ್ಲಿ ಕಲ್ಲು. ಮಧ್ಯರಾತ್ರಿ ಉಂಡು ಕೂಡಲೇ ಮಲಗುವುದರಿಂದ ಎದೆಯುರಿ. ವರ್ಷಗಟ್ಟಲೆ ನಾನು ಆಂಟಾಸಿಡ್ ಬರೆದು ಕಳಿಸಿದ್ದೇನೆ. ಡ್ಯೂಟಿ ಎಷ್ಟು ಹೊತ್ತಿಗೆ ಎಂದು ಕೇಳಿರಲಿಲ್ಲ.

ಒಂದು ತಪ್ಪನ್ನಂತೂ ಇಲ್ಲಿ ಒಪ್ಪಿಕೊಳ್ಳಬೇಕು. ಜ್ವರ ಬಂದಿದ್ದ ದೋಸೆ ಹುಡುಗನೊಬ್ಬನಿಗೆ ಮೂರು ದಿನದ ರಜೆ ಬರೆಯಬೇಕಿತ್ತು. ಮ್ಯಾನೇಜರ್ ಫೋನ್ ಮಾಡಿ, "ಶುಕ್ರವಾರ ರಶ್ ಇರ್ತದೆ ಸರ್, ಒಂದೇ ದಿನ ಬರೀರಿ" ಎಂದರು. ಬರೆದೆ. ಶುಕ್ರವಾರ ರಾತ್ರಿ ಕಣ್ಣು ಮಂಜಾಗಿ ಬಾಣಲೆಯ ಎಣ್ಣೆಯನ್ನು ಮುಂಗೈ ಮೇಲೆ ಸುರಿದುಕೊಂಡ. ಗಾಯ ಮಾಗಿದ ಮೇಲೆ ಆ ಹೋಟೆಲನ್ನೂ ಬಿಟ್ಟ. ಅಂಥ ಹುಡುಗನ ಬಗ್ಗೆ 'ನಿಲ್ಲಲಿಲ್ಲ' ಎಂದು ದೂರುವುದು ಹೇಗೆ?

ಕಾಲುನೋವಿಗೆ ಬಂದ ಇನ್ನೊಬ್ಬನನ್ನು ಮಾತಿಗೆಳೆದೆ. "ಎಂತ ಮಾಡುದು ಸರ್, ಊರಲ್ಲಿ ಒಂದು ಲಕ್ಷ ಇಪ್ಪತ್ತು ಸಾವಿರ ಕೊಟ್ಟು ಬಂದದ್ದು" ಎಂದ. ಭಾರತ ಸರ್ಕಾರದ ನಿಯಮದಂತೆ ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಇಲ್ಲಿ 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾರ್ಮಿಕ ಕಾಯಿದೆಯ ಪ್ರಕಾರ ನೇಮಕಾತಿಯ ಖರ್ಚನ್ನು ಕೆಲಸಗಾರನಿಂದ ವಸೂಲು ಮಾಡುವಂತೆಯೇ ಇಲ್ಲ. ಅವನ ಪಾಸ್‌ಪೋರ್ಟನ್ನು ಮಾಲೀಕರು ಇಟ್ಟುಕೊಳ್ಳುವಂತೆಯೂ ಇಲ್ಲ. ಅವನು ದುಡಿಯುತ್ತಿದ್ದುದು ನನ್ನ ಮಿತ್ರರ ಹೋಟೆಲಿನಲ್ಲೇ! ನಡುವಿನವನು ಹಣ ನುಂಗಿದ್ದು ಅವರಿಗೆ ಗೊತ್ತಿರಲಿಲ್ಲ. ಸಾಲ ತೀರುವವರೆಗೆ ಹುಡುಗ ಹಲ್ಲು ಕಚ್ಚಿ ನಿಲ್ಲುತ್ತಾನೆ, ತೀರಿದ ಮರುದಿನ ಹೊರಡುತ್ತಾನೆ. ಎರಡು ವರ್ಷದ ಲೆಕ್ಕ ಅದೇ.

ಮದುವೆಯಾದವನು ನಿಲ್ಲುತ್ತಾನೆ ಎನ್ನುವವರಿದ್ದಾರೆ. ಇಲ್ಲಿ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಂ ಅಥವಾ 3,000 ದಿರ್ಹಂ ಜೊತೆಗೆ ವಸತಿ ಇರಬೇಕು. ಎಷ್ಟು ಸಪ್ಲೈಯರ್‌ಗಳಿಗೆ ಅಷ್ಟು ಸಿಗುತ್ತದೆ?

ಇದನ್ನೆಲ್ಲ ಯೋಚಿಸುವಾಗ ನನಗೆ ನೆನಪಾಗುವುದು ನನ್ನ ಸೋದರಮಾವ. ಏಳನೇ ಕ್ಲಾಸು ಮುಗಿಸಿ ಮುಂಬಯಿಗೆ ಹೋಗಿ ಫೋರ್ಟ್ ಭಾಗದ ಉಡುಪಿ ಹೋಟೆಲೊಂದರಲ್ಲಿ ಕ್ಲೀನರ್ ಆಗಿ ಸೇರಿದವರು. ಆಗ ಮುಂಬಯಿಯಲ್ಲಿ ಕನ್ನಡದ ರಾತ್ರಿಶಾಲೆಗಳಿದ್ದವು. ಮೊಗವೀರರ ರಾತ್ರಿಶಾಲೆ, ಬಿಲ್ಲವರ ಅಸೋಸಿಯೇಷನ್ನಿನ ಗುರುನಾರಾಯಣ ರಾತ್ರಿಶಾಲೆ ಹೀಗೆ. ಮಾವನ ಮಾಲೀಕರು ಓದುವ ಹುಡುಗರಿಗೆ ಸಂಜೆಯ ಡ್ಯೂಟಿ ಹಾಕುತ್ತಿರಲಿಲ್ಲವಂತೆ. ಬೈಗುಳ ಧಾರಾಳವಾಗಿತ್ತು, ಸಂಬಳ ಅಷ್ಟಕ್ಕಷ್ಟೇ, ಮಲಗಲು ಹೋಟೆಲಿನ ಬೆಂಚು. ಆ ಕಾಲವನ್ನು ಹೊಗಳಲು ನಾನು ಸಿದ್ಧನಿಲ್ಲ. ಆದರೂ ಮಾವ ಹನ್ನೊಂದು ವರ್ಷ ಅಲ್ಲೇ ಇದ್ದರು. ಮೆಟ್ರಿಕ್ ಮುಗಿಸಿ, ಆಮೇಲೆ ಬ್ಯಾಂಕು ಸೇರಿದರು. ಹೊರಡುವ ಮುಂಚೆ ಊರಿನಿಂದ ಇಬ್ಬರು ಹುಡುಗರನ್ನು ಕರೆಸಿ ಅದೇ ಮಾಲೀಕರ ಕೈಗೆ ಒಪ್ಪಿಸಿದರು. ಏಜೆಂಟೂ ಇಲ್ಲ, ಕಮಿಷನ್ನೂ ಇಲ್ಲ.

ಹೋಟೆಲ್ ಉದ್ಯಮದಲ್ಲಿ ಮೇಲೇರುವ ಮೆಟ್ಟಿಲು ಆಗ ಕಣ್ಣಿಗೆ ಕಾಣುತ್ತಿತ್ತು. 1942ರಲ್ಲಿ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರು, ಮದರಾಸಿನ ವುಡ್‌ಲ್ಯಾಂಡ್ಸ್ ಕಟ್ಟಿದ ಕೆ. ಕೃಷ್ಣ ರಾಯರು ಇಬ್ಬರೂ ಅಡುಗೆಮನೆಯ ಚಾಕರಿಯಿಂದಲೇ ಶುರುಮಾಡಿದವರು. ಇಲ್ಲಿನ ಸಪ್ಲೈಯರ್ ಐದು ವರ್ಷವಾದರೂ ಸಪ್ಲೈಯರ್ರೇ.

ಮಾವನ ಕಥೆಯನ್ನು ಮಿತ್ರರಿಗೆ ಹೇಳಿದೆ. ಮೊದಲು ಮುಖ ಗಂಟಿಕ್ಕಿದರು. "ನೀವು ಪ್ರಿಸ್ಕ್ರಿಪ್ಷನ್ ಬರೆದ ಹಾಗೆ ಹೋಟೆಲ್ ನಡೆಸಲಿಕ್ಕೆ ಆಗ್ತದಾ?" ಎಂದರು. ಮಾತು ನ್ಯಾಯವೇ. ಆದರೆ ಎರಡು ತಿಂಗಳ ನಂತರ ಒಂದು ಶಾಖೆಯಲ್ಲಿ ಅರ್ಧ ಹುಡುಗರಿಗೆ ಸರದಿಯಂತೆ ಒಂದೇ ಪಾಳಿ ಕೊಟ್ಟರು. ಇಬ್ಬರಿಗೆ ಬಿಲ್ಲಿಂಗ್, ಅಕೌಂಟ್ಸ್ ಕಲಿಯಲು ಫೀಸು ಕಟ್ಟಿದರು. ಏಜೆಂಟನನ್ನೂ ಬದಲಾಯಿಸಿದರು. ಇನ್ನೊಂದು ಶಾಖೆಯಲ್ಲಿ ಬ್ರೇಕ್ ಡ್ಯೂಟಿ ಇನ್ನೂ ಇದೆ. ಬಾಡಿಗೆ ಏರಿದೆಯಂತೆ, ಇನ್ನಿಬ್ಬರನ್ನು ಇಡಲು ಆಗುವುದಿಲ್ಲವಂತೆ.

ಕಾಲುನೋವಿನ ಹುಡುಗ ಮೊನ್ನೆ ಬೆಳಗ್ಗೆ ಒಂಬತ್ತಕ್ಕೇ ಬಂದಿದ್ದ. ಸ್ನಾನ ಮಾಡಿ, ಇಸ್ತ್ರಿ ಶರಟು ಹಾಕಿಕೊಂಡು ಬಂದವನನ್ನು ಮೊದಲಿಗೆ ಗುರುತೇ ಹಿಡಿಯಲಿಲ್ಲ. ಕಾಲು ತೋರಿಸಲು ಬಂದಿದ್ದಾನೆ ಎಂದುಕೊಂಡೆ. ಅವನು ಕಾಲಿನ ಸುದ್ದಿಯೇ ಎತ್ತಲಿಲ್ಲ.

"ತಮ್ಮನನ್ನು ಕರೆಸ್ಲಿಕ್ಕುಂಟು ಸರ್, ನಮ್ಮ ಹೋಟೆಲಿಗೇ. ಇಲ್ಲಿ ಮೆಡಿಕಲ್‌ನಲ್ಲಿ ಎಂತೆಲ್ಲ ನೋಡ್ತಾರೆ?" ಎಂದು ಕೇಳಿದ. ರಕ್ತ ಪರೀಕ್ಷೆ, ಎದೆಯ ಎಕ್ಸ್‌ರೇ ಎಂದೆ. ಚೀಟಿಯಲ್ಲಿ ಬರೆದುಕೊಂಡ.